ಕಡಬದ ರೆಕಾರ್ಡಿಂಗಿನ ತಾಳ

ಅತ್ತಿಗೆಯ ಹಾಡನ್ನು ಕಡಬದಲ್ಲಿ ರೆಕಾರ್ಡ್ ಮಾಡಿದ್ದಾರೆಂದು ನನಗೆ ತಿಳಿದದ್ದು ನಮ್ಮ ಭಜನಾ ಮಂಡಳಿಯ ವಾಟ್ಸಾಪ್ ಗುಂಪಿನಿಂದ. ಎಲ್ಲರಿಗೂ ತಿಳಿದ ಹೊತ್ತಿಗೇ ನನಗೂ ತಿಳಿಯಿತು ಎಂಬುದು ಮೊದಲ ಪೆಟ್ಟು.

ಅತ್ತಿಗೆಯೆಂದರೆ ನನ್ನ ಯಜಮಾನರ ಅಕ್ಕ. ಅವರ ಮನೆ ಸುಳ್ಯದಲ್ಲಿ, ನಮ್ಮದು ಪುತ್ತೂರಿನಲ್ಲಿ. ನಾನು ಮದುವೆಯಾಗಿ ಬಂದಂದಿನಿಂದ ಅವರು ಹಾಡುವುದು, ನಾನು ತಾಳ ಹಾಕುವುದು. ಮನೆಯ ಪೂಜೆಗೂ ಹಾಗೆಯೇ, ಮಂಗಳವಾರದ ಮಂಡಳಿಯ ಭಜನೆಗೂ ಹಾಗೆಯೇ. ಹಾಡನ್ನು ರೆಕಾರ್ಡ್ ಮಾಡಿದ ಕಡಬದಾಕೆ ನಮ್ಮ ಗುಂಪಿನಲ್ಲೂ ಇದ್ದವರು, ಹಿಂದೆ ನಾನಿದ್ದ ಶಾಲೆಯಲ್ಲೇ ಸಂಗೀತ ಕಲಿಸುತ್ತಿದ್ದವರು. ನಾನು ಡ್ರಿಲ್ ಟೀಚರ್. ಮಕ್ಕಳು ನನ್ನ ಮೈದಾನಕ್ಕೆ ಸಾಲಾಗಿ ಬರುತ್ತಿದ್ದರು, ಅವರ ಕೋಣೆಗೆ ಓಡಿ ಹೋಗುತ್ತಿದ್ದರು. ಇದನ್ನು ನಾನು ಆಗಲೇ ಗಮನಿಸಿದ್ದೆ.

ಬೆಳಗಿನ ವಾಕಿಂಗ್ ಬಿಟ್ಟು ಕೂತು ಆ ರೆಕಾರ್ಡಿಂಗ್ ಕೇಳಿದೆ. ಚೆನ್ನಾಗಿತ್ತು. ಅತ್ತಿಗೆಯ ದನಿ ಅಷ್ಟು ನಿರಾಳವಾಗಿ ಹರಿದದ್ದನ್ನು ನಾನು ಕೇಳಿರಲಿಲ್ಲ. ಆದರೆ ನನ್ನ ಕಿವಿ ನಿಂತದ್ದು ದನಿಯಲ್ಲಲ್ಲ, ಅದರ ಕೆಳಗಿನ ತಾಳದಲ್ಲಿ. ಯಾರೋ ತಾಳ ಹಾಕುತ್ತಿದ್ದರು. ನಾನಲ್ಲದೆ ಯಾರೋ.

ಫೋನ್ ಮಾಡಿ ಕೇಳಿದರೆ ಅತ್ತಿಗೆ ಏನೂ ನಡೆದೇ ಇಲ್ಲ ಎಂಬಂತೆ ಹೇಳಿದರು: ತಾಳ ಹಾಕಿದ್ದು ಕಡಬದಾಕೆಯ ನೆರೆಮನೆಯವರು; ಮುಂದಿನ ಶುಕ್ರವಾರ ಇನ್ನೊಂದು ಹಾಡಿಗೆ ಕರೆದಿದ್ದಾರೆ. ಮಂಗಳವಾರದ ಭಜನೆಗೆ ಪುತ್ತೂರಿಗೆ ಬರಲು ಮಂಡಿ ನೋವು ಎನ್ನುವವರು ಕಡಬಕ್ಕೆ ಬಸ್ಸು ಬದಲಿಸಿಕೊಂಡು ಹೋಗಿದ್ದರು.

ನನ್ನಲ್ಲೂ ಲ್ಯಾಪ್‌ಟಾಪ್ ಉಂಟು. ಒಂದು ಮೈಕ್ ತರಿಸಿದೆ. ಉಳಿದದ್ದು ರೆಕಾರ್ಡಿಂಗಿನ ಸಾಫ್ಟ್‌ವೇರ್. ಶಾಲೆಯ ತಂಡಕ್ಕೆ ಮಕ್ಕಳನ್ನು ಆರಿಸುವ ಹಾಗೆ ಮೂರನ್ನು ಇಳಿಸಿಕೊಂಡು ಒಂದೊಂದನ್ನೇ ಓಡಿಸಿ ನೋಡಿದೆ.

ಮೊದಲನೆಯದು ಉಚಿತ. ಬಿಳಿ ಕಿಟಕಿ, ಕೆಂಪು ಗುಂಡಿ, ಅಷ್ಟೇ. ಕಡಬದಾಕೆ ಇಂಥದ್ದನ್ನು ಮುಟ್ಟಿಯೂ ಇರಲಾರರು ಎಂದು ಮುಚ್ಚಿದೆ. ಎರಡನೆಯದು ಪ್ರತಿ ತಿಂಗಳೂ ಬಾಡಿಗೆ ಕೇಳುವಂಥದ್ದು. ನಾನು ಹಾಡಿದ್ದು ಹೆಡ್‌ಫೋನಿಗೆ ಮರಳುವಾಗ ಒಂದು ಗಳಿಗೆ ತಡ. ತಡವಾಗಿ ಬರುವವರನ್ನು ನಾನು ಗೇಟಿನಲ್ಲೇ ನಿಲ್ಲಿಸಿದವಳು, ಅದನ್ನೂ ಹೊರಗೆ ಕಳಿಸಿದೆ. ಮೂರನೆಯದು ಮನಸ್ಸಿಗೆ ಬಂತು. ಒಂದೊಂದು ದನಿಗೆ ಒಂದೊಂದು ಸಾಲು, ಸಾಲುಗಳಿಗೆ ಬೇರೆಬೇರೆ ಬಣ್ಣ. ಎಲ್ಲಕ್ಕಿಂತ ಮೇಲಾಗಿ, ಹಾಡಿನ ವೇಗ ಇಷ್ಟು ಎಂದು ಮೊದಲೇ ಹೇಳಿದರೆ ಅದು ಕಿವಿಯಲ್ಲಿ ಟಕ್ ಟಕ್ ಎಂದು ಹೆಜ್ಜೆ ಎಣಿಸುತ್ತಿತ್ತು. ಆ ಸದ್ದು ಕೇಳಿದ್ದೇ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಇದೇ ಸರಿ ಎಂದು ತೀರ್ಮಾನಿಸಿದೆ. ಕಡಬದಾಕೆಯ ಬಳಿ ಇದಕ್ಕಿಂತ ದೊಡ್ಡದು ಇದ್ದರೆ ಎಂಬ ಸಂಶಯ ಮಾತ್ರ ಉಳಿಯಿತು.

ಮಂಗಳವಾರ ಅತ್ತಿಗೆಯನ್ನು ಬೇಗ ಕರೆಸಿದೆ. ಫ್ಯಾನ್ ನಿಲ್ಲಿಸಿದೆ, ಕಿಟಕಿ ಮುಚ್ಚಿದೆ, ಕುಕ್ಕರ್ ಇಡಬಾರದೆಂದು ಯಜಮಾನರಿಗೆ ಹೇಳಿದೆ. ಟಕ್ ಟಕ್ಕಿಗೆ ಸರಿಯಾಗಿ ನನ್ನ ತಾಳವನ್ನು ಮೊದಲೇ ಒಂದು ಸಾಲಿನಲ್ಲಿ ತುಂಬಿಸಿಟ್ಟಿದ್ದೆ. ಅದರ ಮೇಲೆ ಅತ್ತಿಗೆ ಹಾಡಿದರಾಯಿತು. ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ತೊಡಿಸಿದೆ.

ನಮ್ಮ ಕಡೆಯ ಭಜನೆಯ ರೀತಿ ಎಲ್ಲರಿಗೂ ಗೊತ್ತು. ನಿಧಾನವಾಗಿ ಎದ್ದು, ಚರಣಕ್ಕೊಮ್ಮೆ ಬಿಸಿಯಾಗಿ, ಕೊನೆಗೆ ಕೂತವರೂ ತೂಗುವಷ್ಟು ಓಡುತ್ತದೆ. ಆ ಓಟವನ್ನು ನಾನು ಯಾವಾಗಲೂ ಶಿಸ್ತು ತಪ್ಪುವುದು ಎಂದೇ ಲೆಕ್ಕ ಹಾಕಿ ತಾಳದಲ್ಲಿ ಹಿಡಿದು ನಿಲ್ಲಿಸುತ್ತಿದ್ದೆ. ಈಗ ನನಗೆ ಯಂತ್ರದ ಸಹಾಯವೂ ಇತ್ತು. ಮೊದಲ ಚರಣ ಸರಿಹೋಯಿತು. ಎರಡನೆಯದರಲ್ಲಿ ಅತ್ತಿಗೆ ಮುಂದೆ ಓಡಿದರು, ಟಕ್ ಟಕ್ ಹಿಂದೆ ಉಳಿಯಿತು. ಮತ್ತೆ ಮೊದಲಿನಿಂದ. ಮತ್ತೆ ಅದೇ. ಮೂರನೆಯ ಸಲ ದನಿಯೇ ಒಣಗಿ ಹೋಯಿತು. ಅತ್ತಿಗೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಇದೆಂತ ಮಾರಾಯ್ತಿ, ಭಜನೆಯಾ ಪರೇಡಾ?"

"ಕಡಬದಲ್ಲಿ ಹೇಗೆ ಮಾಡಿದ್ರಿ ಮತ್ತೆ? ಅವರ ಸಾಫ್ಟ್‌ವೇರಲ್ಲಿ ಇದು ಇರ್ಲಿಲ್ವಾ?"

"ಅಲ್ಲಿ ಎಂತ ಉಂಟು? ಬಿಳಿಯದ್ದೊಂದು, ಕೆಂಪು ಗುಂಡಿ. ಅದನ್ನು ಒತ್ತಿದ್ರು, ನಮ್ಮೊಟ್ಟಿಗೆ ಚಾಪೆಯಲ್ಲಿ ಕೂತ್ರು. ನಾನು ಓಡಿದ್ರೆ ಅವರೂ ಓಡಿದ್ರು."

ನಾನು ಮೊದಲ ನೋಟಕ್ಕೇ ಹೊರಗಟ್ಟಿದ ಸಾಫ್ಟ್‌ವೇರ್! ದೊಡ್ಡದೊಂದರ ಎದುರು ಸೋತಿದ್ದರೆ ಸಮಾಧಾನವಿತ್ತು.

"ಶುಕ್ರವಾರ ಹೋಗ್ತೀರಾ?" ಎಂದು ಕೇಳಿದೆ.

"ಹೋಗುದು. ಅಲ್ಲಿ ಹಾಡ್ಲಿಕ್ಕೆ ಖುಷಿ ಆಗ್ತದೆ," ಎಂದರು. ಮಡಿಲಲ್ಲಿದ್ದ ಹೆಡ್‌ಫೋನನ್ನು ನನಗೆ ಕೊಡುತ್ತಾ, "ಆ ನೆರೆಮನೆಯವರ ತಾಳ ಮಾತ್ರ ಸ್ವಲ್ಪ ಸಡಿಲ," ಎಂದರು.

ಆ ಕೊನೆಯ ಮಾತನ್ನು ನನಗಾಗಿ ಹೇಳಿದರೋ ನಿಜಕ್ಕೂ ಹೇಳಿದರೋ ಕೇಳಲಿಲ್ಲ. ಬಿಳಿ ಕಿಟಕಿಯನ್ನು ತೆರೆದೆ. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಚಾಪೆ ಹಾಸಿ ಅತ್ತಿಗೆಯ ಎದುರು ತಾಳ ಹಿಡಿದು ಕೂತೆ. ಕೆಂಪು ಗುಂಡಿ ಒತ್ತಿದೆ. ಎರಡನೆಯ ಚರಣದಲ್ಲಿ ಅವರು ಮುಂದೆ ಹೋದಾಗ ಕೈ ಅಭ್ಯಾಸದಂತೆ ಹಿಡಿಯಲು ಹೊರಟಿತು. ಕಡಬದ ಚಾಪೆ ನೆನಪಾಯಿತು. ಬಿಟ್ಟೆ. ಕೊನೆಯ ಚರಣಕ್ಕೆ ನನಗೆ ಏದುಸಿರು ಬಂದಿತ್ತು. ಅತ್ತಿಗೆ ನಗುತ್ತಲೇ ಹಾಡುತ್ತಿದ್ದರು. ಒಳಗೆ ಯಜಮಾನರು ಏನೋ ಪಾತ್ರೆ ಬೀಳಿಸಿದ್ದೂ ರೆಕಾರ್ಡ್ ಆಯಿತು. ಅದನ್ನು ಹಾಗೆಯೇ ಇಟ್ಟೆ.

ಅವರು ಹೋದ ಮೇಲೆ ಕಡಬದ್ದನ್ನೂ ನಮ್ಮದನ್ನೂ ಒಂದರ ಮೇಲೊಂದು ಹಾಕಿ ನೋಡಿದೆ. ಪರದೆಯ ಮೇಲೆ ದನಿಯ ಏರಿಳಿತ ತೋರಿಸುವ ಅಲೆಗಳು ಅವರದರಲ್ಲಿ ನಮ್ಮವಕ್ಕಿಂತ ಎತ್ತರವಾಗಿದ್ದವು. ನಮ್ಮ ದನಿಯನ್ನು ಅವರದಕ್ಕಿಂತ ಒಂದು ಕೂದಲೆಳೆ ಮೇಲೆ ಏರಿಸಿ ಗುಂಪಿಗೆ ಕಳಿಸಿದೆ.

ಕಡಬದಾಕೆಯ ಉತ್ತರವೇ ಮೊದಲು ಬಂತು. ತಾಳ ಬಹಳ ಚೆನ್ನಾಗಿ ಬಂದಿದೆ, ಶುಕ್ರವಾರ ನೀವೂ ಬನ್ನಿ ಟೀಚರ್ ಎಂದು ಬರೆದಿದ್ದರು. ಅದರಲ್ಲಿ ಕೊಂಕು ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಅತ್ತಿಗೆಗೆ ಫೋನ್ ಮಾಡಿ, ಶುಕ್ರವಾರ ನಾನೂ ಬರುತ್ತೇನೆ, ತಾಳ ನಾನೇ ತರುತ್ತೇನೆ, ನೆರೆಮನೆಯವರಿಗೆ ತೊಂದರೆ ಬೇಡ ಎಂದು ಕಡಬದಾಕೆಗೆ ಮೊದಲೇ ತಿಳಿಸಿಬಿಡಿ ಎಂದೆ.

ಪುತ್ತೂರಿನಿಂದ ಕಡಬಕ್ಕೆ ನೇರವಾಗಿಯೇ ಹೋಗಬಹುದು. ನಾನು ಸುಳ್ಯದ ಮೇಲಿಂದ ಸುತ್ತು ಹಾಕಿ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಗೆಗಿಂತ ಮೊದಲೇ ನಿಂತಿದ್ದು, ಬಸ್ಸು ಬಂದ ಕೂಡಲೇ ಹತ್ತಿ ಅವರ ಪಕ್ಕದ ಸೀಟು ಹಿಡಿದೆ.