ಮುಟ್ಟದ ಬಂಪರ್‌ನ ಹೊಳಪು

‘ಮಸ್ತ್ ಹೊಳೀತೈತ್ರಿ ಸರ. ಕನ್ನಡಿ ಆದಂಗ ಆಗೈತಿ.’

ನನ್ನ ಹಳೆಯ ಅಂಬಾಸಿಡರ್ ಕಾರಿನ ಹಿಂದಿನ ಬಂಪರ್ ಬಗ್ಗೆ ಹುಲುಗಪ್ಪಣ್ಣ ಹೀಗಂದಾಗ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಆ ಬಂಪರನ್ನು ನಾನಿನ್ನೂ ಮುಟ್ಟಿರಲೇ ಇಲ್ಲ.

ಉಜ್ಜುವ ಮಾತು ಬಿಡಿ, ಒಂದು ಚೊಂಬು ನೀರೂ ಹಾಕಿರಲಿಲ್ಲ. ಮೇಲೆ ಸಂಡೂರಿನ ಕೆಂಪು ಧೂಳು. ಧೂಳಿನ ಕೆಳಗೆ ತುಕ್ಕು. ನಡುವೆ ಒಂದು ಕಾಗೆ ತನ್ನ ಸಹಿ ಹಾಕಿ ಹೋಗಿತ್ತು.

ಇದಾಗಿ ಮೂರು ತಿಂಗಳಾಯಿತು. ಬರೆಯಲೋ ಬೇಡವೋ ಎಂದು ಯೋಚಿಸುತ್ತಲೇ ಇದ್ದೆ. ಮೊನ್ನೆ ಹುಲುಗಪ್ಪಣ್ಣನೇ ‘ಬರೀರಿ ಸರ, ನನ್ನ ಹೆಸರು ಹಾಕೇ ಬರೀರಿ’ ಅಂದರು. (ಹಾಕಿದ್ದೇನೆ, ನೋಡಿ.)

ಮೊದಲಿನಿಂದ ಹೇಳುತ್ತೇನೆ. ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವನು, ಬಿಡುವಿನಲ್ಲಿ ಪತ್ರಿಕೆಗೆ ಈ ಕಾಲಂ ಬರೆಯುವವನು. ಎಂಟು ವರ್ಷದ ಹಿಂದೆ ಸಂಡೂರಿನ ಗಣಿ ಕಾಂಟ್ರಾಕ್ಟರ್ ಒಬ್ಬರಿಂದ ಈ ಕಾರು ಕೊಂಡೆ. ಯಾಕೆ ಕೊಂಡೆ ಎಂದು ನನ್ನ ಹೆಂಡತಿ ಅನ್ನಪೂರ್ಣ ಈಗಲೂ ಕೇಳುತ್ತಾಳೆ. ಉತ್ತರ ಹುಡುಕುತ್ತಿದ್ದೇನೆ.

ಕಾರಂತೂ ಚಿತ್ತವಾಡ್ಗಿಯ ನಮ್ಮ ಮನೆಯ ಕಾಂಪೌಂಡಿನಲ್ಲಿ ಸುಖವಾಗಿ ನಿಂತಿತ್ತು. ಅಷ್ಟರಲ್ಲಿ ಎದುರುಮನೆಯ ಪವಿತ್ರಾಳ ಮದುವೆ ಗೊತ್ತಾಯಿತು. ಗಂಡು ಕಂಪ್ಲಿಯವನು. ಈಗ ಮದುವೆಗಿಂತ ಮೊದಲು ಫೋಟೊಶೂಟ್ ಆಗಬೇಕಲ್ಲ? ಹಂಪಿ ರಸ್ತೆಯ ಬಾಳೆತೋಟದ ಪಕ್ಕ, ಹಳೆಯ ಕಾರಿನ ಮುಂದೆ ಇಬ್ಬರೂ ನಿಲ್ಲುವುದು ಎಂದು ಫೋಟೊಗ್ರಾಫರ್ ತೀರ್ಮಾನಿಸಿದ. ಅವನೇ ಬಂದು ಕಾರು ನೋಡಿದ. ‘ಅಂಕಲ್, ಕ್ರೋಮ್ ಎಲ್ಲಾ ಶೈನ್ ಆಗಬೇಕು. ಬಂಪರ್‌ನಾಗ ಅವರ ಮುಖ ಕಾಣಬೇಕು’ ಅಂದ. ಬುಧವಾರ ಶೂಟಿಂಗ್.

ಶನಿವಾರ ನಾನೇ ಶುರು ಹಚ್ಚಿಕೊಂಡೆ. ಹುಣಸೆಹಣ್ಣು, ಪಾತ್ರೆ ತಿಕ್ಕುವ ಪುಡಿ, ಸ್ಟೀಲಿನ ಜುಂಗು. ದೇವರ ಮನೆಯ ಹಿತ್ತಾಳೆ ಹೊಳೆಯುವುದು ಹೀಗೇ ಅಲ್ಲವೇ? ಹತ್ತು ನಿಮಿಷದಲ್ಲಿ ಒಂದು ವೀಲ್‌ಕಪ್ಪಿನ ಮೇಲೆ ಇಡೀ ಜಿಲ್ಲೆಯ ರಸ್ತೆಗಳ ನಕ್ಷೆ ಮೂಡಿತು. ಆಮೇಲೆ ಹುಲುಗಪ್ಪಣ್ಣನಿಗೆ ಫೋನ್ ಮಾಡಿದೆ.

ಹುಲುಗಪ್ಪಣ್ಣ ಈ ಕಾರಿನ ಹಳೆಯ ಡ್ರೈವರ್. ಕಾಂಟ್ರಾಕ್ಟರ್ ಕಾಲದಲ್ಲಿ ಸಂಡೂರು, ಬಂಡ್ರಿ, ಗಣಿಯ ಏರು ಎಲ್ಲ ಇದರಲ್ಲೇ ಓಡಾಡಿದವರು. ಈಗ ಐವತ್ತೆಂಟು. ಮಲಪನಗುಡಿಯಲ್ಲಿ ಮನೆ. ಅಲ್ಲಿಂದ ಹದಿನಾಲ್ಕು ಮಕ್ಕಳನ್ನು ಹೊಸಪೇಟೆಯ ಶಾಲೆಗೆ ಕರೆತರುವ ವ್ಯಾನ್ ಓಡಿಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಬಂದರು. ಬಂದವರು ಕಾರನ್ನು ನೋಡಲಿಲ್ಲ, ಸವರಿದರು. ಬಾನೆಟ್, ಗ್ರಿಲ್ಲು, ಹೆಡ್‌ಲೈಟಿನ ರಿಂಗು. ಹಳೆಯ ಎತ್ತಿನ ಮೈ ಸವರಿದ ಹಾಗೆ. ವೀಲ್‌ಕಪ್ಪಿನ ಮೇಲೆ ಬೆರಳು ನಿಂತಿತು.

‘ಜುಂಗು ಹಾಕಿ ತಿಕ್ಕೀರೇನ್ರಿ?’

‘ಹೂಂ.’

‘ಇದು ಬೆಳ್ಳಿ ಅಲ್ರಿ ಸರ. ಬೆಳ್ಳಿ ಬಣ್ಣದ ಸಿಪ್ಪಿ. ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳು ಇರತೈತಿ. ಸುಲಿದ್ರ ಹೋತು, ಒಳಗ ಬರೇ ಕಬ್ಬಣ.’

ಪಾಠ ಶುರುವಾಯಿತು. ಒಣ ಧೂಳನ್ನು ಒರೆಸಲೇಬಾರದು. ನಮ್ಮ ಕಡೆಯ ಧೂಳೆಂದರೆ ಅದಿರು. ಒಣಗಿದ್ದಾಗ ಒರೆಸಿದರೆ ಅದೇ ಉಪ್ಪುಕಾಗದ. ಮೊದಲು ಧಾರಾಳವಾಗಿ ನೀರು, ಆಮೇಲೆ ಸೋಪಿನ ನೀರು, ಮೆತ್ತನೆಯ ಬಟ್ಟೆ. ತುಕ್ಕಿನ ಚುಕ್ಕೆ ಇದ್ದಲ್ಲಿ ಮಾತ್ರ, ಚಪಾತಿ ಸುತ್ತುವ ಸಿಲ್ವರ್ ಫಾಯಿಲನ್ನು ಮುದುಡಿ, ನೀರಲ್ಲಿ ಅದ್ದಿ, ಹಗುರಾಗಿ ಉಜ್ಜಬೇಕು. ಅದು ಕ್ರೋಮಿಗಿಂತ ಮೆತ್ತಗೆ. ತುಕ್ಕನ್ನು ತೆಗೆಯುತ್ತದೆ, ಸಿಪ್ಪೆಯನ್ನು ಬಿಡುತ್ತದೆ. ತೊಳೆದು, ತೇವ ಇಲ್ಲದಂತೆ ಒರೆಸಿ, ಕೊನೆಗೆ ಪಾಲಿಶ್. ಅದಕ್ಕೆ ಹಳೆಯ ಬನಿಯನ್ನೇ ಆಗಬೇಕು. (ನನ್ನ ಹತ್ತಿರ ಹೊಸ ಬನಿಯನ್ ಇಲ್ಲವಾದ್ದರಿಂದ ತೊಂದರೆಯಾಗಲಿಲ್ಲ.)

ಅವರು ಕೆಲಸ ಮಾಡುವುದನ್ನು ಗಂಟೆಗಟ್ಟಲೆ ನೋಡಬಹುದು. ಕಣ್ಣು ಎತ್ತಲೋ, ಬೆರಳು ಚುಕ್ಕೆಯ ಮೇಲೆ. ಉಜ್ಜುವುದು, ಸವರುವುದು, ಮತ್ತೆ ಉಜ್ಜುವುದು. ಎಂಥ ಕೈ, ಎಷ್ಟು ವರ್ಷದ ಅನುಭವ ಎಂದುಕೊಂಡೆ. ಅದನ್ನೇ ಕಾಲಂ ಬರೆಯೋಣ ಅಂತಲೂ ಮನಸ್ಸಿನಲ್ಲೇ ಎರಡು ಪ್ಯಾರಾ ಬರೆದೆ.

‘ಮುಂದಿಂದು ನಾ ನೋಡ್ಕೋತೀನಿ, ಹಿಂದಿನ ಬಂಪರ್ ನೀವು ಹಿಡೀರಿ’ ಅಂದರು. ಅಷ್ಟರಲ್ಲಿ ನನಗೊಂದು ಫೋನ್ ಬಂತು. ಅರ್ಧ ಗಂಟೆ ಹೋಯಿತು. ವಾಪಸ್ ಬಂದಾಗ ಹುಲುಗಪ್ಪಣ್ಣ ಕಾರಿನ ಹಿಂದೆ, ಬಿಸಿಲಲ್ಲಿ ನಿಂತಿದ್ದರು. ಆಗ ಬಂತು ಆ ಸರ್ಟಿಫಿಕೇಟ್. ಮಸ್ತ್ ಹೊಳೀತೈತ್ರಿ ಸರ.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ನಗಲಿಲ್ಲ.

ಅನ್ನಪೂರ್ಣ ಚಹಾ ತಂದಳು. ಅವಳು ಲೋಟ ಹಿಡಿದದ್ದು ಒಂದು ಕಡೆ, ಅವರ ಕೈ ಚಾಚಿದ್ದು ಒಂದು ಗೇಣು ಆಚೆ. ಅವಳೇ ಲೋಟವನ್ನು ಅವರ ಬೆರಳಿಗೆ ತಾಗಿಸಿದಳು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದಳು.

‘ರೀ, ಅಣ್ಣಾರಿಗೆ ಕಣ್ಣು ಕಾಣಂಗಿಲ್ಲ.’

‘ಏ, ಹುಚ್ಚಿ! ಡ್ರೈವರ್ ಅದಾರ ಅವರು.’

‘ನನ್ನ ಹತ್ರ ಬ್ಲೌಸ್ ಹೊಲಿಸಾಕ ವಯಸ್ಸಾದೋರು ಬರ್ತಾರಲ್ಲ, ಕಣ್ಣು ಮಬ್ಬಾದೋರು ಬಟ್ಟೀನ ಬೆರಳಿಲೆ ನೋಡ್ತಾರ. ಇವರು ಮುಂಜಾನಿಂದ ಹಂಗ ನೋಡಾಕತ್ಯಾರ. ನೀವು ಎದುರಿಗೇ ಕುಂತಿದ್ರಿ, ಏನು ನೋಡಿದ್ರಿ?’

ಏನು ನೋಡಿದ್ದೆ? ಅನುಭವ ನೋಡಿದ್ದೆ.

ನನಗೆ ವ್ಯಾನಿನ ಹದಿನಾಲ್ಕು ಮಕ್ಕಳು ನೆನಪಾದರು. ಆದರೂ ನನ್ನ ಬಾಯಿಂದ ಬಂದ ಮಾತು ಇದು: ‘ಬುಧವಾರ ಶೂಟಿಂಗ್ ಮುಗೀಲಿ. ಆಮ್ಯಾಲ ನಿಧಾನಕ್ಕ ಮಾತಾಡೋಣ.’

‘ಶೂಟಿಂಗ್ ಬುಧವಾರ. ಮಕ್ಕಳ ಸಾಲಿ ನಾಳೆ’ ಅಂದಳು ಅನ್ನಪೂರ್ಣ.

ಹೊರಗೆ ಬಂದೆ. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವರಿಗೆ ಹೇಗೆ ಕೇಳುವುದು? ಬೆರಳು ತೋರಿಸಿ ‘ಇವೆಷ್ಟು’ ಅನ್ನುವುದೇ? ನನಗೆ ಆಗಲಿಲ್ಲ. ಅವರ ಪಕ್ಕ ನೆಲದ ಮೇಲೆ ಕೂತು, ‘ಅಣ್ಣಾ, ಈ ಹಿಂದಿನ ಬಂಪರ್ ಒಂದ್ಸಲ ಮುಟ್ಟಿ ನೋಡ್ರಿ’ ಅಂದೆ.

ಮುಟ್ಟಿದರು. ಬೆರಳು ಧೂಳಿನ ಮೇಲೆ ಒಂದು ಗೆರೆ ಎಳೆಯುತ್ತ ಹೋಯಿತು. ತುಕ್ಕಿನ ಹತ್ತಿರ ನಿಂತಿತು. ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿಕೊಂಡರು.

‘ತಿಕ್ಕಿಲ್ಲೇನ್ರಿ ಇದನ್ನ?’

‘ಇಲ್ಲಣ್ಣಾ. ತೊಳೆದೂ ಇಲ್ಲ.’

ಅವರು ಬಂಪರಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಒಳಗೆ ಅನ್ನಪೂರ್ಣಳ ಹೊಲಿಗೆ ಯಂತ್ರದ ಸದ್ದು ನಿಂತಿತು.

‘ಒಂದು ವರ್ಷ ಆತ್ರಿ’ ಅಂದರು ಕೊನೆಗೆ. ‘ಹಾಲಿನಾಗಿಂದ ನೋಡಿದಂಗ ಕಾಣತೈತಿ. ಬಿಸಿಲು ಬಿದ್ರಂತೂ ಎಲ್ಲಾ ಬೆಳ್ಳಗ. ಮನ್ಯಾಗೂ ಹೇಳಿಲ್ಲ. ಡ್ರೈವರಿಗೆ ಕಣ್ಣು ಹೋತಂದ್ರ ಇನ್ನೇನು ಉಳೀತೈತ್ರಿ?’

‘ಮತ್ತ ವ್ಯಾನು?’

‘ರಸ್ತಿ ಬಾಯಿಪಾಠ ಐತ್ರಿ ನನಗ.’

ಬಾಗಿಲಿಂದ ಅನ್ನಪೂರ್ಣ ಕೇಳಿದಳು: ‘ಎದುರಿಗೆ ಬರೋದೂ ಬಾಯಿಪಾಠ ಐತೇನಣ್ಣಾ?’

ಅದಕ್ಕೆ ಅವರು ಹೇಳಿದ್ದನ್ನು ಕೇಳಿ ನಾನು ಆ ರಾತ್ರಿ ಊಟ ಮಾಡಲಿಲ್ಲ. ಒಂದು ದಿನ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದಿತ್ತಂತೆ. ಮುಂದಿನ ಸೀಟಿನ ಹುಡುಗಿ ‘ಎಮ್ಮಿ, ಎಮ್ಮಿ’ ಎಂದು ಕೂಗಿದ ಮೇಲೇ ಇವರು ಬ್ರೇಕ್ ಒತ್ತಿದ್ದು. ಮರುದಿನದಿಂದ ವ್ಯಾನಿನಲ್ಲಿ ಒಂದು ಆಟ ಶುರುವಾಯಿತು. ರಸ್ತೆಯಲ್ಲಿ ಏನು ಬರುತ್ತದೋ ಅದನ್ನು ಮೊದಲು ಕೂಗಿ ಹೇಳಿದವರಿಗೆ ಚಾಕಲೇಟ್. ಲಾರಿ, ಟ್ರ್ಯಾಕ್ಟರ್, ಕುರಿ, ಸೈಕಲ್. ಹದಿನಾಲ್ಕು ಮಕ್ಕಳೂ ಗಂಟಲು ಹರಿದುಕೊಂಡು ಆಡುತ್ತಿದ್ದರು. ತಂದೆತಾಯಿಗಳಿಗೂ ಖುಷಿ. ಡ್ರೈವರ್ ಅಂದರೆ ಹೀಗಿರಬೇಕು, ಮಕ್ಕಳ ಗಮನಶಕ್ತಿ ಬೆಳೆಸುತ್ತಾರೆ ಎಂದು ಹೊಗಳಿದ್ದರಂತೆ.

ಇಷ್ಟು ಹೇಳಿ ಹುಲುಗಪ್ಪಣ್ಣ ಅತ್ತರು. ಕೈಯಲ್ಲಿದ್ದ ಬನಿಯನ್ ತುಂಡಿನಿಂದಲೇ ಮುಖ ಒರೆಸಿಕೊಂಡರು. ಹಣೆಗೆಲ್ಲ ಪಾಲಿಶ್ ಮೆತ್ತಿತು.

‘ವ್ಯಾನ್ ಮಾಲೀಕರಿಗೆ ನಾನು ಫೋನ್ ಮಾಡಲೇನಣ್ಣಾ?’ ಅಂದೆ.

‘ನೀವು ಬ್ಯಾಡ್ರಿ. ನಾನ ಹೇಳ್ತೀನಿ. ನಂಬರ್ ಅಷ್ಟ ಒತ್ತಿ ಕೊಡ್ರಿ.’

ಒತ್ತಿ ಕೊಟ್ಟೆ. ಅವರು ಎದ್ದು ನಿಂತು ಮಾತಾಡಿದರು. ಜ್ವರ, ಮದುವೆ, ನೆಂಟರು ಎಂಬ ಯಾವ ನೆಪವನ್ನೂ ಹೇಳಲಿಲ್ಲ. ‘ನಾಳಿಂದ ಗಾಡಿ ಹೊಡಿಯಂಗಿಲ್ರಿ. ನನಗ ಕಣ್ಣು ಕಾಣಂಗಿಲ್ಲ. ಮೊದಲ ಹೇಳಬೇಕಿತ್ತು, ತಪ್ಪಾತು.’ ಆ ಕಡೆಯಿಂದ ಬೈಗುಳ ನನಗೂ ಕೇಳುವಷ್ಟು ಜೋರಾಗಿ ಬಂತು. ಬೈಯುವುದಕ್ಕೆ ಮಾಲೀಕರಿಗೆ ಹಕ್ಕಿತ್ತು. ಹುಲುಗಪ್ಪಣ್ಣ ಪೂರ್ತಿ ಕೇಳಿಸಿಕೊಂಡು ಫೋನನ್ನು ನನಗೆ ಕೊಟ್ಟರು.

ಇನ್ನು ಹೋಗುತ್ತಾರೆ ಅಂದುಕೊಂಡರೆ, ಬಕೆಟ್ ಎಳೆದುಕೊಂಡು ಹಿಂದಿನ ಬಂಪರ್ ಮುಂದೆ ಕೂತರು. ‘ಹಿಡಿದ ಕೆಲಸ ಮುಗಿಸಿ ಹೋಗ್ತೀನ್ರಿ.’ ಸಂಜೆ ಐದರವರೆಗೆ ಉಜ್ಜಿದರು. ಈ ಸಲ ನಾನು ಯಾವ ಫೋನನ್ನೂ ಎತ್ತಲಿಲ್ಲ. ‘ಇಲ್ಲಿ ಇನ್ನೂ ಒಂಚೂರು ಐತಣ್ಣಾ, ಬಲಕ್ಕ’ ಎಂದು ಹೇಳುತ್ತ ಪಕ್ಕದಲ್ಲೇ ಕೂತೆ. ಅವರೂ ಸುಮ್ಮನೆ ಹೇಳಿಸಿಕೊಂಡರು. ಆಮೇಲೆ ಅದೇ ಕಾರಿನಲ್ಲಿ ಮಲಪನಗುಡಿಗೆ ಬಿಟ್ಟು ಬಂದೆ. ಅವರ ಮನೆಯಲ್ಲಿ ಆದ ಮಾತು ಅವರ ಮನೆಯದು. ಅದನ್ನು ಬರೆಯುವುದಿಲ್ಲ.

ಎರಡು ಕಣ್ಣಿಗೂ ಪೊರೆ ಬಂದಿತ್ತು. ಅಷ್ಟೇ. ಮೊದಲ ಕಣ್ಣಿನ ಆಪರೇಶನ್ನಿಗೆ ನಾನೇ ಜೊತೆಗೆ ಹೋಗಿದ್ದೆ. ಹೆಡ್‌ಲೈಟಿನ ಒಂದು ರಿಂಗ್ ಉಜ್ಜಿದಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟಕ್ಕೆ ಒಬ್ಬ ಮನುಷ್ಯ ಒಂದು ವರ್ಷ ಹೆದರಿಕೊಂಡಿದ್ದ. ಇಷ್ಟಕ್ಕೆ ಹದಿನಾಲ್ಕು ಮಕ್ಕಳು ದಿನಾ ಎರಡು ಸಲ ದೇವರ ಮೇಲೆ ಭಾರ ಹಾಕಿ ಓಡಾಡಿದ್ದರು.

‘ಲೈಸೆನ್ಸ್ ಹೋದ ವರ್ಷ ರಿನ್ಯೂ ಆಗಿತ್ತಲ್ಲ, ಆಗ ಕಣ್ಣು ಚೆಕ್ ಮಾಡಿದ್ದಿಲ್ಲೇನಣ್ಣಾ?’ ಅಂತ ಕೇಳಿದೆ.

‘ಮಾಡಿದ್ರಲ್ರಿ. ಡಾಕ್ಟರು ಕಾಗದ ನೋಡಿದ್ರು, ಸಹಿ ಹಾಕಿದ್ರು. ನನ್ನ ಮುಖ ನೋಡಲಿಲ್ಲ.’

ಆ ಡಾಕ್ಟರನ್ನು ಬೈಯೋಣ ಎಂದು ಪೆನ್ನು ಎತ್ತಿದೆ. ಎದುರಿಗೇ ಕೂತು ಇಡೀ ಬೆಳಿಗ್ಗೆ ಅನುಭವ ನೋಡಿದವನು ನಾನು. ಪೆನ್ನು ಇಳಿಸಿದೆ.

ಫೋಟೊಶೂಟ್ ಚೆನ್ನಾಗಿಯೇ ಆಯಿತು. ಬಂಪರಿನಲ್ಲಿ ಪವಿತ್ರಾಳ ಮುಖ ಕಂಡಿತು, ಸ್ವಲ್ಪ ಅಗಲವಾಗಿ. ಹಾಗಾಗಿ ಆಲ್ಬಮ್ಮಿನಲ್ಲಿ ಬಂಪರ್ ಇರುವ ಫೋಟೊ ಒಂದೂ ಇಲ್ಲ.

ಕಣ್ಣಿನ ಪಟ್ಟಿ ಬಿಚ್ಚಿ ಕೆಲವು ದಿನವಾದ ಮೇಲೆ ಹುಲುಗಪ್ಪಣ್ಣ ಮನೆಗೆ ಬಂದರು. ಕಾರಿನ ಕಡೆ ತಿರುಗಲೇ ಇಲ್ಲ. ನನ್ನನ್ನೇ ದಿಟ್ಟಿಸಿದರು. ‘ಅಲ್ರಿ ಸರ, ಕೂದಲು ಇಷ್ಟು ಬೆಳ್ಳಗ ಯಾವಾಗಾತ್ರಿ? ಭಾಳ ವಯಸ್ಸಾಗೈತಲ್ರಿ ನಿಮಗ!’ ಅನ್ನಪೂರ್ಣ ನಕ್ಕಿದ್ದು ಪಕ್ಕದ ಓಣಿಗೂ ಕೇಳಿರಬೇಕು. ಮುಂದಿನ ತಿಂಗಳು ಇನ್ನೊಂದು ಕಣ್ಣು. ಆಮೇಲೆ ಸರಿಯಾದ ಪರೀಕ್ಷೆ. ಅದರಲ್ಲಿ ಪಾಸಾದರೆ ಮಾತ್ರ ಸ್ಟೀರಿಂಗ್ ಮುಟ್ಟುತ್ತೇನೆ ಎಂದು ಅವರೇ ಹೇಳಿದ್ದಾರೆ.

ಈ ನಡುವೆ ಮಲಪನಗುಡಿಯ ಪೋಷಕರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ‘ಸರ, ಹುಲುಗಪ್ಪನ್ನ ಜಲ್ದಿ ವಾಪಸ್ ಕಳಿಸ್ರಿ. ಹೊಸಾ ಡ್ರೈವರ್ ಮನಿ ಗೇಟಿನ ಮುಂದ ಎರಡು ನಿಮಿಷಾನೂ ನಿಲ್ಲಂಗಿಲ್ಲ’ ಎಂದು ದೂರಿದರು.

ಹೊಸ ಡ್ರೈವರ್‌ಗೆ ಕಣ್ಣು ಹೇಗೆ ಕಾಣುತ್ತದೆ ಎಂದು ಅವರು ಕೇಳಿಲ್ಲ; ನಾನೂ ಇನ್ನೂ ಕೇಳಿಲ್ಲ.