ಗಿರಣಿ ಕಾಕಾನ ಬಲಗಣ್ಣು

ಗಿರಣಿ ಕಾಕಾನ ಎರಡೂ ಕಣ್ಣು ಬೆಕ್ಕಿನ ಕಣ್ಣು. ಹುಬ್ಬಿನ ತುಂಬ ಜೋಳದ ಹಿಟ್ಟು ಕೂತಿರುತ್ತಿತ್ತು, ಅದರ ಕೆಳಗೆ ಅವು ಹೊಳೆಯುತ್ತಿದ್ದವು. ಕೊನೆಯ ವರ್ಷಗಳಲ್ಲಿ ಎಡಗಣ್ಣು ಹಾಗೇ ಇತ್ತು, ಬಲಗಣ್ಣು ಮಾತ್ರ ತುಕ್ಕು ಹಿಡಿದ ಮೊಳೆಯ ಬಣ್ಣಕ್ಕೆ ತಿರುಗಿತು.

ಮಸೂತಿ ಎಂಬ ಊರಿನಲ್ಲಿ ನಮ್ಮ ಮನೆಗೆ ಹೊಂದಿಕೊಂಡೇ ಅವರ ಹಿಟ್ಟಿನ ಗಿರಣಿ. ಬೀಸಿದ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿಯೇ ಡಬ್ಬಿ ಕೊಡುತ್ತಿದ್ದರು. "ರೊಟ್ಟಿ ಹರದ್ರ ನನ್ನ ಬೈರಿ, ಸೊಸೀನ ಬೈಬ್ಯಾಡ್ರಿ" ಎಂದು ಅತ್ತೆಯರಿಗೆ ಹೇಳಿ ಕಳಿಸುವುದು ಅವರ ಪದ್ಧತಿ. ಹೊಸದಾಗಿ ಮದುವೆಯಾಗಿ ಬಂದ ನನ್ನನ್ನು ಆ ಮಾತು ಎಷ್ಟೋ ಸಲ ಕಾಯ್ದಿದೆ.

ಕಣ್ಣಿಗೆ ಬಿದ್ದ ಕಸ ತೆಗೆಯುವುದನ್ನು ನಾನು ನಮ್ಮತ್ತೆಯಿಂದ ಕಲಿತಿದ್ದೆ. ರೆಪ್ಪೆ ಮಗುಚಿ, ಸೆರಗಿನ ತುದಿ ಹುರಿ ಮಾಡಿ ಮೆಲ್ಲಗೆ ಒರೆಸಿದರೆ ಆಯಿತು. ಸುಗ್ಗಿಯಲ್ಲಿ ರಾಶಿ ಮಾಡುವ ದಿನಗಳಲ್ಲಿ ಓಣಿಯ ಮಂದಿಯೆಲ್ಲ ನನ್ನ ಕಡೆಗೇ ಬರೋರು. ಎಂಥ ಜಂಬ ನನಗೆ!

ಒಂದು ಮಧ್ಯಾಹ್ನ ಕಾಕಾ ಗಿರಣಿಯ ಕಲ್ಲು ಬಿಚ್ಚಿ, ಸವೆದು ನುಣುಪಾದದ್ದನ್ನು ಉಳಿ ಸುತ್ತಿಗೆಯಿಂದ ಕಡಿದು ಒರಟು ಮಾಡುತ್ತಿದ್ದರು. ಏನೋ ಸಿಡಿದು ಬಲಗಣ್ಣಿಗೆ ಬಡಿಯಿತು. ಅವರ ಹೆಂಡತಿ, ನಮ್ಮ ಕಾಕು, "ಬಾಗೇವಾಡಿ ದವಾಖಾನಿಗೆ ಹೋಗೂಣ, ಏಳ್ರಿ" ಎಂದು ಚಪ್ಪಲಿ ಮೆಟ್ಟಿ ನಿಂತರು. ನಾನು ಅಡ್ಡ ಹೋದೆ. ರೆಪ್ಪೆಯೊಳಗಿಂದ ಒಂದು ಕಲ್ಲಿನ ಹರಳು ತೆಗೆದು ಅಂಗೈ ಮೇಲಿಟ್ಟು ತೋರಿಸಿದೆ.

"ಬಂತು ನೋಡ್ರಿ ಕಾಕಾ. ಇಷ್ಟಕ್ಕ ದವಾಖಾನಿ ಯಾಕ ಬೇಕು?"

ಉರಿ ತಗ್ಗಿತು. ಕಾಕು ಚಪ್ಪಲಿ ಬಿಟ್ಟರು.

ಎರಡು ವರ್ಷದ ಮೇಲೆ ಆ ಕಣ್ಣು ಮಬ್ಬಾಯಿತು, ಬಣ್ಣವೂ ಕೆಟ್ಟಿತು. ವಿಜಯಪುರದ ದವಾಖಾನೆಗೆ ಹೋಗಿ ಬಂದ ಕಾಕಾನನ್ನು ಡಾಕ್ಟರ್ ಏನಂದರು ಎಂದು ಕೇಳಿದೆ. "ವಯಸ್ಸಾತಲ್ಲವ್ವಾ, ಮತ್ತೇನ್ ಅಂತಾರ" ಎಂದು ನಕ್ಕರು. ಆಮೇಲೆ ಆ ಕಡೆ ಏನೂ ಕಾಣದಾಯಿತು. ಯಂತ್ರದ ತಿರುಗುವ ಬೆಲ್ಟಿಗೆ ಎರಡು ಸಲ ಅಂಗಿಯ ತೋಳು ಸಿಕ್ಕ ಮೇಲೆ ಗಿರಣಿಯನ್ನೇ ಮುಚ್ಚಿದರು. ಕಟ್ಟೆಯ ಮೇಲೆ ಕೂತು ಬರೀ ಬೆರಳು ತಿಕ್ಕುತ್ತಿದ್ದರು.

ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಕಾಕು ಟ್ರಂಕಿನಿಂದ ದವಾಖಾನೆಯ ಫೈಲು ತೆಗೆದು ನನ್ನ ಮುಂದಿಟ್ಟರು. ಅದರಲ್ಲಿ ಬರೆದಿತ್ತು: ಅವತ್ತು ಉಳಿಯ ಉಕ್ಕಿನ ಚೂರೊಂದು ಕಣ್ಣಿನ ಗುಡ್ಡೆಯೊಳಗೇ ಹೊಕ್ಕಿತ್ತು. ಅಲ್ಲೇ ತುಕ್ಕು ಹಿಡಿದು ಕಣ್ಣನ್ನು ತಿಂದಿತ್ತು. ನಾನು ತೆಗೆದದ್ದು ಅದರ ಜೊತೆ ಸಿಡಿದ ಹರಳಷ್ಟೇ.

"ಅವತ್ತ ಬಂದಿದ್ರ ಕಣ್ಣ ಉಳಸಬಹುದಿತ್ತು ಅಂದ್ರವ್ವಾ ಡಾಕ್ಟರ್" ಎಂದರು ಕಾಕು. "ಅಕಿಗೆ ಹೇಳಬ್ಯಾಡ, ಓಣಿ ಮಂದಿ ಅಕಿನ್ನ ಬೈತಾರ ಅಂತ ನಿಮ್ಮ ಕಾಕಾ ನನಗ ಆಣಿ ಹಾಕಿದ್ರು. ಇನ್ನ ನನಗ ಹೊಟ್ಟ್ಯಾಗ ಇಟ್ಕೊಳ್ಳಾಕ ಆಗೂದಿಲ್ಲ."

ಅವರ ಕಾಲು ಹಿಡಿದು ಅತ್ತುಬಿಟ್ಟೆ. ಅತ್ತು ಏನು ಬಂತು!

ಈಗ ಯಾರಾದರೂ ಕಣ್ಣು ತಿಕ್ಕುತ್ತ ಬಂದರೆ ಮುಟ್ಟುವುದಿಲ್ಲ, ಬಾಗೇವಾಡಿ ಬಸ್ ಹತ್ತಿಸುತ್ತೇನೆ. ಯಾಕೆಂದು ಕೇಳಿದರೆ ನಡೆದದ್ದೆಲ್ಲ ಹೇಳುತ್ತೇನೆ. ಬೈಯಲಿ. ಕಾಕಾ ಇಲ್ಲವಲ್ಲ, ನನ್ನ ಬೈಗುಳ ನಾನೇ ತಿನ್ನಬೇಕು.