ವಾಲ್ಪರೈಸೊದಲ್ಲಿ ಕುಂಬಳಕಾಯಿ ಕೊಂಡ ಕಸ್ತೂರಕ್ಕ

ಬೆಂಡೆಕಾಯಿಯ ತುದಿ ಮುರಿದು ನೋಡದೆ ಕಸ್ತೂರಕ್ಕ ಬೆಂಡೆಕಾಯಿ ಕೊಂಡದ್ದನ್ನು ನಾನು ಕಂಡಿಲ್ಲ. ಸಿಯಾಟಲ್ ಪಕ್ಕದ ಕ್ರಾಸ್‌ರೋಡ್ಸಿನ ನಮ್ಮ ಇಂಡಿಯನ್ ಅಂಗಡಿಯಲ್ಲಿ ಅವರು ತರಕಾರಿಯ ಮುಂದೆ ನಿಂತರೆ ಚಟ್ ಚಟ್ ಎನ್ನುವ ಸದ್ದು ಆ ಮೂಲೆಯ ಅಕ್ಕಿ ಮೂಟೆಗಳವರೆಗೂ ಕೇಳುತ್ತಿತ್ತು. ಮುರಿದರೆ ಎಳೆಯದು, ಚೀಲಕ್ಕೆ. ಬಾಗಿದರೆ ಬಲಿತದ್ದು, ವಾಪಸು ರಾಶಿಗೆ. ಕೊನೆಗೆ ಅಂಗಡಿಯವರು ದಯವಿಟ್ಟು ಮುರಿಯಬೇಡಿ ಎಂದು ಬೋರ್ಡೇ ಹಾಕಿದರು. ಕಸ್ತೂರಕ್ಕ ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದರು. "ಮುರೀಲಾರದ ಹೆಂಗ ತಿಳೀಬೇಕು?" ಎಂದು ನನ್ನನ್ನು ಕೇಳಿ ಇನ್ನೊಂದನ್ನು ಕೈಗೆತ್ತಿಕೊಂಡರು.

ಅವರು ಗದಗದ ಹತ್ತಿರದ ಬೆಟಗೇರಿಯವರು. ಅಲ್ಲೇ ಹತ್ತಿರದ ಫ್ಯಾಕ್ಟೋರಿಯಾ ಬಡಾವಣೆಯ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಇಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮದುವೆ ಮುರಿದ ಮೇಲೆ ನಾನು ಬಾಡಿಗೆಗೆ ಹಿಡಿದ ಅಪಾರ್ಟ್‌ಮೆಂಟು ಅವರ ಮನೆಯ ಪಕ್ಕದಲ್ಲಿತ್ತು. ಮೈಸೂರಿನವಳಾದ ನನಗೆ ಗದಗ ಯಾವ ದಿಕ್ಕಿಗಿದೆ ಎಂದು ಕೂಡ ಸರಿಯಾಗಿ ಗೊತ್ತಿರಲಿಲ್ಲ.

ನಮ್ಮ ಪರಿಚಯ ಆದದ್ದು ಅಗ್ನಿಶಾಮಕ ದಳದವರ ಸಮಕ್ಷಮದಲ್ಲಿ. ಒಂದು ಭಾನುವಾರ ಕಟ್ಟಡದ ಅಲಾರ್ಮು ಹೊಡೆದುಕೊಂಡು, ಎಲ್ಲರೂ ಚಪ್ಪಲಿ ಸಿಕ್ಕಿದವರು ಚಪ್ಪಲಿಯಲ್ಲಿ, ಸಿಗದವರು ಬರಿಗಾಲಲ್ಲಿ ಪಾರ್ಕಿಂಗಿಗೆ ಬಂದು ಜಿನುಗು ಮಳೆಯಲ್ಲಿ ನಿಂತೆವು. ನಾನು ಫೋನಿನಲ್ಲಿ ಅಮ್ಮನಿಗೆ, ಯಾರೋ ಮಹಾನುಭಾವರು ಮನೆ ಸುಟ್ಟುಕೊಂಡಿದ್ದಾರೆ ನೋಡು ಎಂದು ಬೈಯುತ್ತಿದ್ದೆ. "ಮನಿ ಅಲ್ಲ ತಂಗಿ, ಬದನಿಕಾಯಿ," ಎಂದು ಹಿಂದಿನಿಂದ ಉತ್ತರ ಬಂತು. ತಿರುಗಿ ನೋಡಿದರೆ, ಕೈಯಲ್ಲಿ ಸುಟ್ಟ ಬದನೆಕಾಯಿಯ ತಟ್ಟೆ ಹಿಡಿದು, ಅದರ ಮೇಲೆ ಮಳೆ ಬೀಳದಂತೆ ಸೆರಗು ಮುಚ್ಚಿಕೊಂಡು ಒಬ್ಬರು ನಿಂತಿದ್ದರು. ಅಂದು ಅದೇ ಬದನೆಕಾಯಿಯ ಬಜ್ಜಿಯನ್ನು ಅವರ ಮನೆಯಲ್ಲಿ ರೊಟ್ಟಿಯ ಜೊತೆ ತಿಂದೆ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ನಾನು ಸರೋವರದಾಚೆ ಫ್ರೀಮಾಂಟಿನಲ್ಲಿದ್ದ ಆಫೀಸಿನಿಂದ ಸೇತುವೆಯ ಟ್ರಾಫಿಕ್ಕು ದಾಟಿ ಮನೆ ಮುಟ್ಟುವ ಹೊತ್ತಿಗೆ ಅವರ ಮೆಸೇಜು ಬಂದಿರುತ್ತಿತ್ತು, ಊಟಕ್ಕೆ ಬರ್ತೀಯೇನು ಅಂತ. ಎದುರು ಕೂರಿಸಿಕೊಂಡು ಬಡಿಸುವರು. ನನ್ನ ಮದುವೆಯ ಸುದ್ದಿ ಎಂದೂ ಎತ್ತಿದವರಲ್ಲ. ಅವತ್ತು ಸಿಕ್ಕ ಮೆಂತ್ಯ ಸೊಪ್ಪಿನ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡುವರು. ಇಡೀ ಸಿಯಾಟಲ್ಲಿನಲ್ಲಿ ನಾನು ಉಂಡೆನೋ ಇಲ್ಲವೋ ಎಂದು ವಿಚಾರಿಸುವ ಜೀವ ಅದೊಂದೇ ಇತ್ತು.

ಹೀಗಿರುವಾಗ ಗದಗದಿಂದ ಅವರ ತಮ್ಮ ಒತ್ತಾಯ ಮಾಡತೊಡಗಿದರು: ಒಬ್ಬಳೇ ಅಲ್ಲಿ ಯಾಕಿರುತ್ತೀ, ಬಂದುಬಿಡು ಅಂತ. ಅಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅವರು ಹೋಗುವುದು ನನಗೆ ಬೇಡವಾಗಿತ್ತು. ಇಲ್ಲಿದ್ದರೂ ಬದುಕು ಚೆನ್ನಾಗಿರುತ್ತದೆ, ಇಬ್ಬರೂ ಸೇರಿ ಊರೂರು ನೋಡಬಹುದು ಎಂದು ಅವರಿಗೆ ತೋರಿಸಬೇಕಿತ್ತು. ಪೆರುವಿನಿಂದ ಹೊರಟು ದಕ್ಷಿಣ ಅಮೆರಿಕದ ತುದಿ ಬಳಸಿ ಹೋಗುವ ಹಡಗಿನಲ್ಲಿ ಇಬ್ಬರಿಗೂ ಟಿಕೆಟ್ ಮಾಡಿಸಿದೆ. ಪ್ರವಾಸ ಮುಗಿಸಿ ಬಂದು ಹೇಳುತ್ತೇನೆ ಎಂದು ಅಕ್ಕ ತಮ್ಮನಿಗೆ ತಿಳಿಸಿದರು. ನಾನು ಅರ್ಧ ಗೆದ್ದೆ ಅಂದುಕೊಂಡೆ.

ಹಡಗಿನಲ್ಲಿ ಅವರಿಗೆ ಮಾಡಲು ಏನೂ ಇರಲಿಲ್ಲ. ಬೇಯಿಸಿದ ಕ್ಯಾರೆಟ್ಟನ್ನು ಫೋರ್ಕಿನಲ್ಲಿ ಎತ್ತಿ ನೋಡಿ, ಇದು ಏನು ತಪ್ಪು ಮಾಡಿದ್ದಕ್ಕೆ ಈ ಶಿಕ್ಷೆ ಎಂದು ಕೇಳಿ ಕೆಳಗಿಡುವರು. ಉಳಿದ ಹೊತ್ತು ಸಮುದ್ರ ನೋಡುತ್ತ ಕೂರುವರು. ಚಿಲಿ ದೇಶದ ವಾಲ್ಪರೈಸೊ ಬಂದರಿನಲ್ಲಿ ಹಡಗು ನಿಂತ ಬೆಳಿಗ್ಗೆ ಮಾತ್ರ ನನಗಿಂತ ಮೊದಲೇ ಚೀಲ ಹಿಡಿದು ತಯಾರಾಗಿದ್ದರು.

ಆ ಊರಿನ ಗುಡ್ಡಗಳ ತುಂಬ ಬಣ್ಣ ಬಣ್ಣದ ಮನೆಗಳು. ಹತ್ತಲಾರದವರನ್ನು ಕೂರಿಸಿಕೊಂಡು ಹಳಿಯ ಮೇಲೆ ಏರುವ ಪುಟ್ಟ ಪೆಟ್ಟಿಗೆಗಳು. ಬಂದರಿನಲ್ಲೇ ಜೊತೆಯಾದ ಬೀದಿನಾಯಿಯೊಂದು ನಮಗೆ ಊರು ತೋರಿಸುವ ಹೊಣೆ ತನ್ನದೆಂಬಂತೆ ಮುಂದೆ ಮುಂದೆ ನಡೆಯಿತು. ನಾನು ಫೋಟೋ ತೆಗೆಯುತ್ತಿದ್ದೆ, ಅಕ್ಕ ಸಂತೆ ಎಲ್ಲಿದೆ ಎಂದು ಮೂಗಿನಿಂದಲೇ ಪತ್ತೆ ಮಾಡಿದರು. ಅಲ್ಲಿ ಒರಳುಕಲ್ಲಿಗಿಂತ ದೊಡ್ಡ ಕುಂಬಳಕಾಯಿಗಳನ್ನು ಗರಗಸದಲ್ಲಿ ಕೊಯ್ದು ಮಾರುತ್ತಿದ್ದರು. ಅಕ್ಕ ಉಗುರು ಚುಚ್ಚಿ ನೋಡಿದರು. ಗದಗದ ಕನ್ನಡದಲ್ಲಿ ಚೌಕಾಸಿ ಮಾಡಿದರು, ಮಾರುವಾಕೆ ಸ್ಪ್ಯಾನಿಷ್‌ನಲ್ಲಿ ಜಗ್ಗದೆ ನಿಂತಳು. ಕೊನೆಗೆ ಒಂದು ಹೋಳು ಕುಂಬಳಕಾಯಿ, ಎಳೆಯ ಮೆಕ್ಕೆಜೋಳ, ದೊಡ್ಡ ಕಟ್ಟು ಕೊತ್ತಂಬರಿ ಚೀಲಕ್ಕೆ ಬಿತ್ತು. ಅವರ ಮುಖ ಬೆಳಗಿತ್ತು.

"ಅಕ್ಕ, ಹಡಗಿಗೆ ಹಸಿ ತರಕಾರಿ ಬಿಡಲ್ಲ. ಬಿಟ್ರೂ ಎಲ್ಲಿ ಅಡುಗೆ ಮಾಡ್ತೀರ?" ಎಂದೆ ನಾನು, ನಗುತ್ತ.

ಅವರು ಚೀಲದೊಳಗೆ ನೋಡಿದರು. "ಹೌದಲ್ಲ," ಎಂದರು. "ಮನಿಗೆ ಹೊಂಟೀನಿ ಅಂತ ತಿಳ್ಕೊಂಡ್ ಬಿಟ್ಟೆ."

ನನ್ನ ನಗು ಅಲ್ಲೇ ನಿಂತಿತು. ಮೆಟ್ಟಿಲ ದಾರಿಯಲ್ಲಿ ಗುಡ್ಡ ಹತ್ತಿದೆವು. ಒಂದು ಹಳದಿ ಮನೆಯ ಹೊಸ್ತಿಲಲ್ಲಿ ಅಕ್ಕನ ವಯಸ್ಸಿನ ಹೆಂಗಸೊಬ್ಬರು ಹಸಿ ಕಾಳು ಬಿಡಿಸುತ್ತ ಕೂತಿದ್ದರು, ನಮ್ಮ ಅವರೆಕಾಳಿನ ತರಹದ್ದು. ಅಕ್ಕ ಸೀದಾ ಹೋಗಿ ಚೀಲವನ್ನು ಅವರ ಮುಂದೆ ಚಾಚಿದರು. ಆಕೆ ಬೇಡವೆಂದು ಕೈಯಾಡಿಸಿದರು, ಮಾರಲು ಬಂದವರು ಅಂದುಕೊಂಡಿರಬೇಕು. ಅಕ್ಕ ಚೀಲವನ್ನು ಅವರ ಕಾಲ ಬಳಿ ಇಟ್ಟು, ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು, ಒಂದು ಹಿಡಿ ಕಾಯಿ ಎತ್ತಿಕೊಂಡು ಬಿಡಿಸತೊಡಗಿದರು. ಆಕೆ ಅಕ್ಕನ ಬೆರಳುಗಳನ್ನೇ ನೋಡಿದರು, ಆಮೇಲೆ ಸರಿದು ಜಾಗ ಕೊಟ್ಟರು.

ಮುಂದಿನದನ್ನು ನಾನು ಗಡಿಯಾರ ನೋಡುತ್ತಲೇ ಕಳೆದೆ. ಕಾಳು ಬಿಡಿಸಿ ಮುಗಿಯಿತು. ಆಕೆ ಅಕ್ಕನ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದರು. ಅದೇ ಕಾಳು, ಅದೇ ಕುಂಬಳ, ಅದೇ ಜೋಳ ಒಂದೇ ಪಾತ್ರೆಗೆ ಬಿದ್ದವು. ಅಕ್ಕಪಕ್ಕದ ಇಬ್ಬರು ಹೆಂಗಸರು ತೆರೆದ ಬಾಗಿಲಲ್ಲಿ ಹಾಗೇ ಒಳಗೆ ಬಂದು, ಪಾತ್ರೆಯ ಮುಚ್ಚಳ ತೆಗೆದು ನೋಡಿ, ಕೂತರು. ಅಕ್ಕ ಕನ್ನಡದಲ್ಲಿ ಏನೋ ಹೇಳಿದರು, ಅವರೆಲ್ಲ ನಕ್ಕರು. ಅವರು ಏನೋ ಹೇಳಿದರು, ಅಕ್ಕ ನಕ್ಕರು. ಅಷ್ಟು ಗಟ್ಟಿಯಾಗಿ ಅಕ್ಕ ನಕ್ಕದ್ದನ್ನು ಕ್ರಾಸ್‌ರೋಡ್ಸಿನಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಪಾತ್ರೆಯೊಳಗಿನದು ರುಚಿಯಾಗಿಯೇ ಇತ್ತು, ನಾನು ಮಾತ್ರ ತಟ್ಟೆಯಲ್ಲಿ ಅರ್ಧ ಬಿಟ್ಟೆ. ಅವರನ್ನು ಉಳಿಸಿಕೊಳ್ಳಲೆಂದು ನಾನೇ ಕರೆತಂದ ಊರು ಅವರನ್ನು ನನ್ನಿಂದ ಬಿಡಿಸುತ್ತಿತ್ತು.

ಹಡಗಿನ ಏಣಿ ಎತ್ತುವ ಹೊತ್ತಿಗೆ ಓಡೋಡಿ ಬಂದು ಹತ್ತಿದೆವು. ಸಂಜೆ ಮೇಲಿನ ಕಟಕಟೆಯ ಹತ್ತಿರ ನಿಂತು ಗುಡ್ಡಗಳು ಸಣ್ಣದಾಗುವುದನ್ನು ನೋಡುತ್ತಿದ್ದೆವು. ಗಾಳಿ ಜೋರಾಗಿತ್ತು. ತಡೆದುಕೊಳ್ಳಲಾಗದೆ ಕೇಳಿಯೇಬಿಟ್ಟೆ.

"ಅಕ್ಕ, ಹೋಗ್ಬೇಡಿ. ನನಗೆ ನೀವು ಬೇಕು."

ಅವರು ನನ್ನ ಕೈ ಮೇಲೆ ಕೈಯಿಟ್ಟರು. "ಬೇಕು ಅನ್ನೂದು ಖರೆ ಐತಿ. ಆದ್ರ ನೀ ಆಫೀಸಿಂದ ಬಂದ ಮ್ಯಾಲೆ ಬೇಕು. ಶನಿವಾರ, ಐತವಾರ ಬೇಕು. ಮುಂಜಾನಿಂದ ಸಂಜಿತನಕ ನಾ ಏನ್ ಮಾಡ್ಲಿ, ತಂಗಿ?"

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನಿಜವಾಗಿಯೂ ಉತ್ತರ ಬೇಕೆಂಬಂತೆ ನನ್ನ ಮುಖ ನೋಡಿದರು.

ಅಕ್ಕ ಗದಗಕ್ಕೆ ಹೋಗಿ ವರ್ಷವಾಗುತ್ತ ಬಂತು. ಪಕ್ಕದ ಮನೆಗೆ ಬಂದ ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಲಿಫ್ಟಿನಲ್ಲಿ ಸಿಕ್ಕರೆ ಹಲೋ ಅನ್ನುತ್ತಾರೆ. ಶನಿವಾರ ಫೋನ್ ಮಾಡಿದರೆ ಅಕ್ಕ ಸಂತೆಯ ವರದಿ ಒಪ್ಪಿಸುತ್ತಾರೆ. ಹಿಂದೆ ಯಾರ ಯಾರದೋ ಮಾತು, ಪಾತ್ರೆಯ ಸದ್ದು ಕೇಳುತ್ತಿರುತ್ತದೆ. ಆಮೇಲೆ ಮಾತಾಡೋಣ ತಂಗಿ, ಯಾರೋ ಬಂದರು ಎಂದು ಇಟ್ಟುಬಿಡುತ್ತಾರೆ.

ಈ ಚಳಿಗಾಲ ನಮ್ಮ ಆಫೀಸಿನಲ್ಲಿ ಬಹಳ ಜನರನ್ನು ತೆಗೆದರು. ಅದರಲ್ಲಿ ನಾನೂ ಒಬ್ಬಳು. ಈಗ ಹಗಲೆಲ್ಲ ಮನೆಯಲ್ಲೇ ಇರುತ್ತೇನೆ. ಬೆಳಿಗ್ಗೆ ಒಂದೊಂದಾಗಿ ಕಾರುಗಳು ಹೊರಟು ಪಾರ್ಕಿಂಗ್ ಬರಿದಾಗುತ್ತದೆ. ಮಧ್ಯಾಹ್ನ ಅಂಚೆಯ ಗಾಡಿ ಬಂದು ಹೋಗುತ್ತದೆ. ಅದು ಬಿಟ್ಟರೆ ಕಾರಿಡಾರಿನಲ್ಲಿ ಒಂದು ಹೆಜ್ಜೆಯ ಸದ್ದೂ ಇಲ್ಲ. ಇದೇ ಕಟ್ಟಡದಲ್ಲಿ ಇಷ್ಟು ವರ್ಷ ಇದ್ದೂ ಇಲ್ಲಿಯ ಹಗಲು ಹೀಗಿರುತ್ತದೆಂದು ನನಗೆ ತಿಳಿದಿರಲಿಲ್ಲ.

ಮೊನ್ನೆ ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ಹೇಳಲೇಬೇಕೆನಿಸಿತು, ಅಕ್ಕ, ಈಗ ಮುಂಜಾನೆಯಿಂದ ಸಂಜೆಯತನಕ ನೀವು ಬೇಕು ಅಂತ. ಫೋನ್ ಎತ್ತಿಕೊಂಡೆ. ಗದಗದಲ್ಲಿ ಆಗಲೇ ಮಧ್ಯರಾತ್ರಿ ದಾಟಿತ್ತು. ದಿನವೆಲ್ಲ ಜನರ ನಡುವೆ ಓಡಾಡಿ ದಣಿದು ಮಲಗಿರುತ್ತಾರೆ. ಎಬ್ಬಿಸಲಿಲ್ಲ.